ದ್ವಾದಶಿಯ ತೀರ್ಥಕ್ಕೆ ಬಿದ್ದ ದಂಡ

ಯಾರ ಕರುಣೆಯಿಂದ ಮರಳುಗಾಡಿನ ನಡುವೆಯೂ ನನಗೆ ಸ್ನಾನಕ್ಕೆ ನೀರು, ಜಪಕ್ಕೆ ಒಂದು ಮೂಲೆ, ಎರಡು ಹೊತ್ತಿನ ಶುದ್ಧಾನ್ನ ತಪ್ಪದೆ ದೊರೆಯಿತೋ ಆ ಪರಮಾತ್ಮನಿಗೆ ಮೊದಲು ತಲೆಬಾಗುತ್ತೇನೆ. ಮಠದ ಪಾಠಶಾಲೆಯಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ, ಆಡುವ ಮಾತನ್ನು ತೂಗಿ ಆಡಬೇಕೆಂದು ಕಲಿಸಿದ ಗುರುಗಳನ್ನು ನೆನೆಯುತ್ತೇನೆ. ನನ್ನ ಜಾತಿ ಕೇಳದೆ, ಮತ ಕೇಳದೆ, ಕೆಲಸವನ್ನಷ್ಟೇ ಕೇಳಿ ಬಾಳಿನ ಒಳ್ಳೆಯ ವರ್ಷಗಳಲ್ಲೆಲ್ಲ ಅನ್ನವಿಟ್ಟ ಕತಾರ್ ನಾಡಿಗೂ ನಾನು ಋಣಿ. ಈ ಋಣಗಳನ್ನು ಮೊದಲೇ ಹೇಳಿಬಿಟ್ಟಿದ್ದೇನೆ. ಇನ್ನು ನಮ್ಮವರ ವಿಷಯದಲ್ಲಿ ಹೇಳಬೇಕಾದದ್ದನ್ನು ಹೇಳಲು ನನಗೆ ಸಂಕೋಚವಿಲ್ಲ.

ತೊಂಬತ್ತರ ದಶಕದಲ್ಲಿ ನಾನು ದೋಹಾದ ಒಂದು ಕಚೇರಿಯಲ್ಲಿ ಲೆಕ್ಕಪತ್ರ ವಿಭಾಗದ ಉದ್ಯೋಗಿಯಾಗಿದ್ದೆ. ಶುಕ್ರವಾರದ ಸಂಜೆ ನಮ್ಮ ಕನ್ನಡದ ಮಂದಿ ಯಾರದಾದರೂ ಮನೆಯಲ್ಲಿ ಕಲೆತು ಭಜನೆ ಮಾಡುತ್ತಿದ್ದರು. ಶ್ಲೋಕ ಹೇಳುವ ಕೆಲಸ ನನ್ನದು. ಹಾಗಾಗಿ ಎಲ್ಲರಿಗೂ ನಾನು ‘ಶಾಸ್ತ್ರಿಗಳು’. ನೈವೇದ್ಯದ ಅಡುಗೆಯ ಕೆಲಸ ಉಡುಪಿ ಕಡೆಯ ಒಬ್ಬ ಗೃಹಸ್ಥನದು. ಆತ ತೈಲಕ್ಷೇತ್ರಕ್ಕೆ ಸಾಮಾನು ಪೂರೈಸುವ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್. ಮನೆಮಾತು ತುಳು. ಏಕಾದಶಿಯೆಂದರೆ ಆತನಿಗೆ ನೀರೂ ಇಲ್ಲದ ಉಪವಾಸ. ಮರುದಿನ ದ್ವಾದಶಿ ತಿಥಿ ಮುಗಿಯುವುದರೊಳಗೆ, ಸೂರ್ಯೋದಯವಾದ ಮೇಲೆ, ತುಳಸಿ ತೀರ್ಥ ತೆಗೆದುಕೊಂಡು ವ್ರತ ಮುಗಿಸಬೇಕು. ಇದನ್ನೇ ನಾವು ಪಾರಣೆ ಎನ್ನುವುದು. ಉಪವಾಸ ಎಷ್ಟು ಮುಖ್ಯವೋ ಪಾರಣೆಯೂ ಅಷ್ಟೇ ಮುಖ್ಯ. ಅದು ತಪ್ಪಿದರೆ ವ್ರತವೇ ಭಂಗವಾದಂತೆ.

ಈ ತಿಥಿಗಳ ಹೊತ್ತನ್ನು ದೋಹಾದ ಸಮಯಕ್ಕೆ ಹೊಂದಿಸಿ, ಒಂದು ಹಾಳೆಯಲ್ಲಿ ಅಚ್ಚು ಮಾಡಿಸಿ, ಮನೆಮನೆಗೂ ಹಂಚಿಸುತ್ತಿದ್ದವರು ಭಜನಾ ಮಂಡಳಿಯ ಅಧ್ಯಕ್ಷರು. ಬೆಂಗಳೂರಿನವರು. ವೆಸ್ಟ್ ಬೇಯ ದೊಡ್ಡ ಕಚೇರಿಯೊಂದರಲ್ಲಿ ಮ್ಯಾನೇಜರ್. ‘ಪಾರಣೆ ತಪ್ಪಿಸಬಾರದು’ ಎಂದು ಹಾಳೆಯ ತಲೆಯಲ್ಲಿ ದಪ್ಪಕ್ಷರದಲ್ಲಿ ಹಾಕಿಸುತ್ತಿದ್ದರು. ಅವರ ಮನೆಯಲ್ಲಿ ಏಕಾದಶಿಯ ದಿನ ಮಸಾಲೆ ದೋಸೆಯಾಗುತ್ತಿತ್ತು. ವ್ರತವನ್ನು ಇತರರ ಉಪಯೋಗಕ್ಕೆಂದು ಅಚ್ಚು ಹಾಕಿಸುವ ಭಕ್ತಿಯೂ ಲೋಕದಲ್ಲಿ ಒಂದಿದೆ.

ರಂಜಾನ್ ತಿಂಗಳು ಹೊಸ ಚಂದ್ರನ ದರ್ಶನದಿಂದ ಆರಂಭವಾಗುತ್ತದೆ. ನಮ್ಮ ತಿಥಿಗಳನ್ನು ನಡೆಸುವವನೂ ಅದೇ ಚಂದ್ರ. ಆದ್ದರಿಂದ ಯಾವ ವರ್ಷವಾದರೂ ಆ ತಿಂಗಳೊಳಗೆ ನಮ್ಮ ದ್ವಾದಶಿ ಬಂದೇ ಬರುತ್ತದೆ. ಮುಸಲ್ಮಾನರು ಹಗಲು ಬಾಯಿಗೆ ನೀರು ಸೋಕಿಸದ ದಿನ, ನಮ್ಮ ಉಡುಪಿಯ ಗೃಹಸ್ಥ ಹಗಲಿನಲ್ಲೇ ನೀರು ತೆಗೆದುಕೊಳ್ಳಬೇಕಾದ ದಿನ. ಮನೆಯೊಳಗೆ ಬಾಗಿಲು ಹಾಕಿಕೊಂಡು ತೆಗೆದುಕೊಂಡರೆ ಯಾರ ಅಡ್ಡಿಯೂ ಇಲ್ಲ. ಆದರೆ ದಶಕದ ಆರಂಭದ ಒಂದು ವರ್ಷ, ಚಳಿ ಇನ್ನೂ ಬಿಟ್ಟಿರದ ಒಂದು ಬೆಳಗ್ಗೆ, ಕಂಪನಿಯ ಬಸ್ಸು ಸೂರ್ಯೋದಯಕ್ಕೆ ಮೊದಲೇ ಹೊರಟಿತು. ಆ ದಿನದ ದ್ವಾದಶಿಯೋ ಬಹಳ ಚಿಕ್ಕದು. ಬಸ್ಸು ಕೆಲಸದ ಜಾಗವನ್ನು ಮುಟ್ಟುವಷ್ಟರಲ್ಲಿ ಮುಗಿದುಹೋಗುತ್ತಿತ್ತು. ಬಸ್ಸಿನ ತುಂಬ ಉಪವಾಸದಲ್ಲಿದ್ದವರು. ಅವರ ಕಣ್ಣೆದುರು ನೀರು ಕುಡಿಯುವುದು ಅನಾಚಾರವೆಂದು ಆತ ಬಗೆದ. ದಾರಿಯಲ್ಲಿ ಜನರನ್ನು ಹತ್ತಿಸಿಕೊಳ್ಳಲು ಬಸ್ಸು ನಿಂತಾಗ ಕೆಳಗಿಳಿದ; ಪೂರ್ವಕ್ಕೆ ತಿರುಗಿ ನಿಂತು, ಚಿಕ್ಕ ತಾಮ್ರದ ಪಾತ್ರೆಯಿಂದ ಅಂಗೈಗೆ ತೀರ್ಥ ಹಾಕಿಕೊಂಡು ಕುಡಿದ. ಬಸ್ಸಿನಲ್ಲಿದ್ದ ಹತ್ತಿಪ್ಪತ್ತು ಜನರ ಮನಸ್ಸು ನೋಯದಿರಲೆಂದು, ಸರಕಾರದ ಹೆದ್ದಾರಿಯಲ್ಲಿ ಕುಡಿದ. ಪೊಲೀಸರ ಗಾಡಿ ಹಿಂದೆಯೇ ಬಂದು ನಿಂತಿತು.

ರಂಜಾನಿನ ಹಗಲು ಸಾರ್ವಜನಿಕವಾಗಿ ಉಣ್ಣುವುದು, ಕುಡಿಯುವುದು ಅಲ್ಲಿ ಅಪರಾಧ. ದೊಡ್ಡದಲ್ಲ, ಆದರೆ ಅಪರಾಧವೇ. ಅದು ಆ ನಾಡಿನ ಕಾನೂನು. ಅವರ ಅನ್ನ ತಿನ್ನುತ್ತಿದ್ದ ನನಗೆ ಅದರಲ್ಲಿ ದೋಷ ಹುಡುಕುವ ಅಧಿಕಾರವಿಲ್ಲ, ಮನಸ್ಸೂ ಇಲ್ಲ. ಅವನನ್ನು ಸಂಜೆಯವರೆಗೆ ಠಾಣೆಯಲ್ಲಿ ಕೂರಿಸಿದರು. ಉಪವಾಸ ಬಿಡುವ ಹೊತ್ತಿಗೆ ಅಲ್ಲಿನ ಪೇದೆಯೇ ಖರ್ಜೂರ ತಂದುಕೊಟ್ಟನಂತೆ. ಆಮೇಲೆ ನ್ಯಾಯಾಲಯ ಒಂದು ದಂಡ ಹಾಕಿತು. ಅವನು ತೆತ್ತ. ಕತಾರಿನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ನಮ್ಮವರ ಮಟ್ಟಿಗೆ ಮುಗಿಯಲಿಲ್ಲ. ಮುಂದಿನ ಶುಕ್ರವಾರ ಆತ ಎಂದಿನಂತೆ ನೈವೇದ್ಯದ ಪಾತ್ರೆ ಹೊತ್ತು ಬಂದಾಗ ಅಧ್ಯಕ್ಷರ ಹೆಂಡತಿ ಬಾಗಿಲಲ್ಲೇ ಅದನ್ನು ಇಸಿದುಕೊಂಡು ಅಡುಗೆಮನೆಯ ಹಿಂದೆ ಇಟ್ಟರು. ಆ ದಿನ ದೇವರಿಗೆ ಅಂಗಡಿಯ ಬಾಳೆಹಣ್ಣಿನ ನೈವೇದ್ಯವಾಯಿತು. ‘ಠಾಣೆಗೆ ಹೋಗಿಬಂದ ಕೈ’ ಎಂದು ಯಾರೋ ಪಿಸುಗುಟ್ಟಿದರು. ಆಮೇಲೆ ಅವನಿಗೆ ‘ಪಾರಣೆ ಭಟ್ರು’ ಎಂಬ ಅಡ್ಡಹೆಸರೂ ಬಂತು. ಹಾಳೆಯಲ್ಲಿ ಬರೆದದ್ದನ್ನು ಬರೆದಂತೆ ನಡೆಸಿದವನು ಅಷ್ಟು ಮನೆಗಳಲ್ಲಿ ಒಬ್ಬನೇ. ಅವನನ್ನೇ ಹೊರಗಿಟ್ಟು, ಹಾಳೆಯನ್ನು ಮಾತ್ರ ಮರುವರ್ಷವೂ ಹಂಚಿದರು. ನಾನು ಆಕ್ಷೇಪಿಸಿದಾಗ, “ಬಿಡಿ ಶಾಸ್ತ್ರಿಗಳೇ, ಜನ ಮರೀತಾರೆ” ಎಂದರು ಅಧ್ಯಕ್ಷರು. ಜನ ಮರೆಯಲಿಲ್ಲ. ಅವರೇ ಮರೆಯಗೊಡಲಿಲ್ಲ.

ವರ್ಷಗಳು ಕಳೆದವು. ದಶಕ ಮುಗಿಯುತ್ತ ಬಂದಾಗ ಆತನ ಕಂಪನಿ ತನ್ನ ಉಗ್ರಾಣವನ್ನು ಮುಚ್ಚಿತು. ಅದೇ ಸಮಯಕ್ಕೆ ಉತ್ತರದ ಅಲ್ ಖೋರ್ ಕಡೆಯ ಅನಿಲ ಸ್ಥಾವರದಲ್ಲಿ ಆತನಿಗೆ ಒಳ್ಳೆಯ ಕೆಲಸ ಕುದುರಿತು. ಅಲ್ ಖೋರ್‌ನಲ್ಲಿ ಸಂಸಾರದೊಂದಿಗೆ ಇರಲು ಮನೆಯನ್ನೂ ಕೊಡುವುದಾಗಿ ಹೇಳಿದರು. ಆತನಿಗೆ ಮದುವೆಯಾಗಿ ಬಹಳ ಕಾಲವಾಗಿತ್ತು. ಹೆಂಡತಿಯೂ ಮಗಳೂ ಉಡುಪಿಯಲ್ಲಿ ಆಕೆಯ ಅಣ್ಣನ ಮನೆಯ ಒಂದು ಕೋಣೆಯಲ್ಲಿದ್ದರು. ರಜೆಯಲ್ಲಿ ಊರಿಗೆ ಹೋದಾಗ ಮಗಳು ಆತನನ್ನು ‘ಮಾಮ’ ಎಂದು ಕರೆದದ್ದನ್ನು ಆತ ಒಮ್ಮೆ ನನ್ನೆದುರು ನಗುತ್ತ ಹೇಳಲು ಹೊರಟು ಅರ್ಧಕ್ಕೇ ನಿಲ್ಲಿಸಿದ್ದ.

ಹೊಸ ಕಂಪನಿ ಪೊಲೀಸರ ನಡತೆ ಪ್ರಮಾಣಪತ್ರ ಕೇಳಿತು. ಅದರಲ್ಲಿ ಹಳೆಯ ಶಿಕ್ಷೆಯ ಉಲ್ಲೇಖ ಬಂತು. ಅದನ್ನು ಅಳಿಸಿ ತಂದರೆ ಕೆಲಸ, ಇಲ್ಲವಾದರೆ ಊರಿಗೆ ಟಿಕೆಟ್. ಬಕ್ರೀದ್ ರಜೆಯವರೆಗೆ ಜಾಗವನ್ನು ಹಿಡಿದಿಡುತ್ತೇವೆ ಎಂದರು.

ಅಳಿಸುವ ದಾರಿಯೊಂದಿತ್ತು. ಶಿಕ್ಷೆಯಾದವನು ಬಳಿಕ ಕೆಲವು ವರ್ಷ ನೇರವಾಗಿ ನಡೆದಿದ್ದರೆ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಅರಬ್ಬಿಯಲ್ಲಿ ಅದಕ್ಕಿರುವ ಹೆಸರನ್ನು ಅರ್ಜಿ ಟೈಪು ಮಾಡುವವನು ನನಗೆ ಬಿಡಿಸಿ ಹೇಳಿದ: ಹೋದ ಮಾನವನ್ನು ಮರಳಿ ಕೊಡುವುದು. ಕಾನೂನಿನ ಮಾತು ಇಷ್ಟು ಉದಾರವಾಗಿರಬಲ್ಲದೆಂದು ನಾನು ತಿಳಿದಿರಲಿಲ್ಲ. ಆತನ ನಡತೆಯನ್ನು ಬಲ್ಲ, ದೋಹಾದಲ್ಲಿ ನೆಲೆಯುಳ್ಳ ಇಬ್ಬರು ಬಂದು ಸಾಕ್ಷಿ ಹೇಳಬೇಕು. ಒಬ್ಬ ನಾನು. ಇನ್ನೊಬ್ಬರಿಗಾಗಿ ಆತನನ್ನು ಕರೆದುಕೊಂಡು ಅಧ್ಯಕ್ಷರ ಮನೆಗೆ ಹೋದೆ.

ಅಲ್ಲಿ ನಮ್ಮ ಮಂಡಳಿಯ ಉಪಾಧ್ಯಕ್ಷರೂ ಇದ್ದರು. ಮೈಸೂರು ಕಡೆಯ ಡಾಕ್ಟರು. ಭಜನೆಯಲ್ಲಿ ತಾಳ ಹಾಕುವವರು, ಹಾಕಿದ ತಾಳ ತಪ್ಪುವವರು.

“ಬನ್ನಿ ಬನ್ನಿ ಶಾಸ್ತ್ರಿಗಳೇ. ಓಹೋ, ಪಾರಣೆ ಭಟ್ರೂ ಬಂದಿದಾರೆ!” ಎಂದರು ಅಧ್ಯಕ್ಷರು. ವಿಷಯ ಕೇಳುತ್ತ ಕೇಳುತ್ತ ಅವರ ಮುಖ ಸಣ್ಣದಾಯಿತು. “ನೋಡಿ, ಪರ್ಸನಲ್ ಆಗಿ ನನಗೇನೂ ಇಲ್ಲ. ಆದ್ರೆ ನನ್ನ ಪೊಸಿಷನ್ ನೋಡಿ. ಕೋರ್ಟಿಗೆ ಹೋಗಿ ನಿಲ್ಲೋದಂದ್ರೆ... ನಮ್ಮ ಆಫೀಸಲ್ಲಿ ಗೊತ್ತಾದ್ರೆ ಏನಂತಾರೆ?”

“ಒಬ್ಬ ಒಳ್ಳೆಯವನ ಪರವಾಗಿ ಮಾತಾಡಿದರು ಅಂತಾರೆ” ಎಂದೆ.

“ಅದು ನೀವು ಹೇಳೋ ಮಾತು. ಅವ್ರು ಹಾಗೆ ತಗೊಳಲ್ಲ ಸ್ವಾಮಿ.”

ಡಾಕ್ಟರು ನಡುವೆ ಬಾಯಿ ಹಾಕಿದರು. “ಅಯ್ಯೋ, ಇದಕ್ಯಾಕೆ ಇಷ್ಟು ತಲೆನೋವು? ಶುಗರ್ ಇತ್ತು ಅಂತ ನಾನೊಂದು ಸರ್ಟಿಫಿಕೇಟ್ ಬರ್ಕೊಡ್ತೀನಿ. ತಲೆ ತಿರುಗ್ತು, ನೀರು ಕುಡಿದ. ಖಲಾಸ್!”

“ನನಗೆ ಶುಗರ್ ಇಲ್ಲವಲ್ಲ ಡಾಕ್ಟ್ರೇ” ಎಂದ ಆತ.

“ಇವತ್ತಿಲ್ದಿದ್ರೆ ನಾಳೆ ಬರುತ್ತೆ ಬಿಡಿ. ಸ್ವಲ್ಪ ಮುಂಚೆ ಬರ್ಕೊಟ್ಟ ಹಾಗಾಯ್ತು.”

ತಮ್ಮ ಹಾಸ್ಯಕ್ಕೆ ತಾವೇ ನಕ್ಕರು. ಅಧ್ಯಕ್ಷರಿಗೂ ಈ ಉಪಾಯ ಬಹಳ ಹಿಡಿಸಿತು. “ಸೂಪರ್ ಐಡಿಯಾ! ಮೆಡಿಕಲ್ ಕೇಸ್ ಅಂದ್ರೆ ನಾನೂ ಬೇಕಾದ್ರೆ ಬಂದು ಎರಡು ಮಾತು ಹೇಳ್ತೀನಿ. ಅದು ಬಿಟ್ಟು ಏಕಾದಶಿ ದ್ವಾದಶಿ ಅಂತ ಶುರು ಮಾಡಿದ್ರೆ, ನೀವೆಲ್ಲ ಎಲ್ಲಿ ಸೇರ್ತೀರಿ, ಏನು ಮಾಡ್ತೀರಿ ಅಂತ ಕೇಳ್ತಾರೆ. ಭಜನೆಗೇ ಕುತ್ತು. ಇಡೀ ಕಮ್ಯುನಿಟಿಗೆ ತೊಂದ್ರೆ ಆಗೋದು ಬೇಡ ಅಲ್ವಾ?”

ಇದು ನಿಜವಾದ ಭಯವಾಗಿದ್ದರೆ ನಾನು ಗೌರವಿಸುತ್ತಿದ್ದೆ. ಪರದೇಶದಲ್ಲಿ ಬದುಕುವವರಿಗೆ ಭಯವೂ ಒಂದು ಎಚ್ಚರ. ಆದರೆ ಹಿಂದಿನ ತಿಂಗಳಷ್ಟೇ ಇದೇ ಅಧ್ಯಕ್ಷರು ವೆಸ್ಟ್ ಬೇಯ ಹೋಟೆಲಿನ ಸಭಾಂಗಣ ಹಿಡಿದು, ತಮ್ಮ ಭಾವಚಿತ್ರವಿದ್ದ ಬ್ಯಾನರ್ ಕಟ್ಟಿಸಿ, ದೀಪ ಬೆಳಗಿಸಿ, ಪತ್ರಿಕೆಯವರನ್ನೂ ಕರೆಸಿದ್ದರು. ಅಲ್ಲಿ ಅವರ ಭಯ ಹೂಮಾಲೆಯ ಭಾರವನ್ನು ಸುಲಭವಾಗಿ ಹೊತ್ತಿತ್ತು. ಒಬ್ಬನ ಪರವಾಗಿ ಎರಡು ನಿಜ ನುಡಿಯಬೇಕಾದಾಗ ಮಾತ್ರ ಅದಕ್ಕೆ ಕಮ್ಯುನಿಟಿಯ ನೆನಪಾಯಿತು.

ಆತ ಎದ್ದು ನಿಂತ. ಸಿಟ್ಟಿರಲಿಲ್ಲ. “ಕುಡಿದದ್ದು ತೀರ್ಥ. ಅದನ್ನು ರೋಗ ಅಂತ ಹೇಳಿ ಬಿಡಿಸಿಕೊಂಡರೆ, ಮತ್ತೆ ತೀರ್ಥಕ್ಕೆ ಕೈ ಒಡ್ಡಲಿಕ್ಕೆ ನನಗೆ ಮುಖ ಇರುವುದಿಲ್ಲ. ತಪ್ಪು ಮಾಡಿದ್ದು ಹೌದು, ದಂಡ ಕಟ್ಟಿದ್ದೂ ಹೌದು. ಇನ್ನು ಸುಳ್ಳು ಒಂದು ಎಂತಕೆ?”

“ಹಾಗಾದ್ರೆ ಊರಿಗೆ ಹೋಗಿ ಸತ್ಯ ಹೇಳ್ಕೊಂಡು ಕೂತ್ಕೊಳ್ಳಿ” ಎಂದರು ಡಾಕ್ಟರು.

ಕಾರಿನಲ್ಲಿ ಮರಳುವಾಗ, ಕಡಲಂಚಿನ ಕಾರ್ನಿಶ್ ರಸ್ತೆ ದಾಟಿದ ಮೇಲೆ, “ಹೆಂಡತಿಗೆ ಮನೆ ಸಿಕ್ಕಿತು ಅಂತ ಬರೆದುಬಿಟ್ಟಿದ್ದೇನೆ ಶಾಸ್ತ್ರಿಗಳೇ. ಅವಸರ ಮಾಡಿದೆ” ಎಂದ. ಮಂಡಳಿಯ ಇನ್ನೂ ಕೆಲವರನ್ನು ಕೇಳಿದೆವು. ಒಬ್ಬರಿಗೆ ಆ ವಾರ ಆಡಿಟ್. ಇನ್ನೊಬ್ಬರು ಬಾಗಿಲಲ್ಲೇ, “ಅಧ್ಯಕ್ಷರು ಏನಂದ್ರು?” ಎಂದು ಕೇಳಿ, ಅವರು ಅಂದದ್ದನ್ನೇ ತಾವೂ ಅಂದರು. ಮತ್ತೊಬ್ಬರು ಮನೆಯೊಳಗಿದ್ದುಕೊಂಡೇ ಮಗಳ ಕೈಲಿ ತಾವಿಲ್ಲವೆಂದು ಹೇಳಿಸಿದರು. ಭಜನೆಯಲ್ಲಿ ಇವರ ಕಂಠ ಮೂರು ಮನೆಯಾಚೆಗೆ ಕೇಳುತ್ತಿತ್ತು.

ಕೊನೆಗೆ ಆತನೇ ಒಂದು ಹೆಸರು ಹೇಳಿದ. ಹಳೆಯ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ, ಮಂಗಳೂರು ಕಡೆಯ ಬ್ಯಾರಿ ವರ್ತಕರು. ಆತ ಇದ್ದ ಕೋಣೆ ಅವರ ಅಂಗಡಿಯ ಮೇಲುಗಡೆಯೇ. ನನಗೂ ಅವರ ಪರಿಚಯವಿತ್ತು. ಆದರೆ ರಂಜಾನಿನಲ್ಲಿ ನೀರು ಕುಡಿದವನ ಪರವಾಗಿ ಐದು ಹೊತ್ತು ನಮಾಜು ಮಾಡುವವರನ್ನು ಕೇಳುವುದು ಹೇಗೆಂದು ಹಿಂಜರಿಯುತ್ತಲೇ ಆತನ ಜೊತೆ ಹೋದೆ.

“ಎಂತ ಶಾಸ್ತ್ರಿಗಳೇ, ಈ ಬಿಸಿಲಿಗೆ? ಕೂತುಕೊಳ್ಳಿ. ಹೊರಗಿನ ಚಾ ನೀವು ಕುಡಿಯುವುದಿಲ್ಲ, ಗೊತ್ತುಂಟು. ಫ್ಯಾನಿನ ಗಾಳಿಗಾದರೂ ಮಡಿ ಇಲ್ಲವಲ್ಲ?” ಎಂದು ನಕ್ಕು ಸ್ಟೂಲು ಎಳೆದರು. ವಿಷಯ ಕೇಳಿ ಆತನ ಕಡೆ ತಿರುಗಿದರು. “ಅಲ್ಲ ಮಾರಾಯ್ರೇ, ಇಷ್ಟು ವರ್ಷ ನನ್ನ ತಲೆ ಮೇಲೆಯೇ ಇದ್ದು ನನಗೆ ಹೇಳಲಿಲ್ಲ! ರಸ್ತೆಗೆ ಇಳಿದು ಕುಡಿಯುವ ಬುದ್ಧಿ ಯಾರು ಕೊಟ್ಟದ್ದು ನಿಮಗೆ?”

“ಬಸ್ಸಿನಲ್ಲಿ ಎಲ್ಲ ಉಪವಾಸದವರು ಸಾಹೇಬ್ರೇ. ಅವರ ಎದುರು ಕುಡಿಯುವುದು ಹೇಗೆ ಅಂತ ಇಳಿದದ್ದು.”

“ಹಾಗೆ ಇಡೀ ಊರಿನ ಎದುರು ಕುಡಿದಿರಿ!” ವರ್ತಕರು ನಕ್ಕ ನಗೆಗೆ ತಲೆಯ ಟೊಪ್ಪಿ ಓರೆಯಾಯಿತು. “ಕದ್ದು ಸಿಗರೇಟು ಎಳೆಯುವ ನಮ್ಮ ಎಷ್ಟೋ ಜನ ಇವತ್ತಿನವರೆಗೆ ಸಿಕ್ಕಿಬಿದ್ದಿಲ್ಲ. ನೀವು ಮರ್ಯಾದೆ ಕೊಡಲಿಕ್ಕೆ ಹೋಗಿ ಸಿಕ್ಕಿಬಿದ್ದಿರಿ.” ಆಮೇಲೆ ನಗೆ ನಿಲ್ಲಿಸಿ ಕೇಳಿದರು: “ಈಗ ಆ ತಿಂಗಳು ಹೇಗೆ ಮಾಡ್ತೀರಿ?”

“ಕೋಣೆಯ ಬಾಗಿಲು ಹಾಕಿಕೊಂಡು. ಕೆಲಸಕ್ಕೆ ಎರಡನೆಯ ಬಸ್ಸು.”

“ಪ್ರತಿ ವರ್ಷ?”

“ಪ್ರತಿ ವರ್ಷ.”

“ಅದು ನನಗೆ ಗೊತ್ತುಂಟು. ಆ ದಿನಗಳಲ್ಲಿ ನೀವು ತಡವಾಗಿ ಇಳಿಯುವುದು ನೋಡಿದ್ದೇನೆ. ಯಾಕೆ ಅಂತ ಗೊತ್ತಿರಲಿಲ್ಲ. ಸರಿ, ಯಾವತ್ತು ಬರಬೇಕು?”

“ನಿಮ್ಮವರು ಏನಾದರೂ ಅಂದಾರು, ಸಾಹೇಬರೇ” ಎಂದೆ ನಾನು.

“ಅನ್ನಲಿ. ಸಾಕ್ಷಿ ಹೇಳುವುದು ಅವರ ಎದುರಲ್ಲ, ಅಲ್ಲಾಹನ ಎದುರು. ಕಂಡದ್ದನ್ನು ಕಂಡಿಲ್ಲ ಅನ್ನಲಿಕ್ಕೆ ಆಗ್ತದಾ?”

ನಾನು ಕಲಿತ ಧರ್ಮಶಾಸ್ತ್ರವೂ ಹೇಳುವುದು ಇದನ್ನೇ. ಬಲ್ಲ ನಿಜವನ್ನು ಬೇಕಾದಾಗ ನುಡಿಯದವನು ಸುಳ್ಳುಗಾರನಿಗೆ ಸಮ. ಈ ಮಾತನ್ನು ಶುಕ್ರವಾರಗಳಂದು ನಾನೇ ಅರ್ಥಸಹಿತ ವಿವರಿಸಿದ್ದೆ. ಅಧ್ಯಕ್ಷರು ಕಣ್ಣು ಮುಚ್ಚಿ ತಲೆದೂಗಿದ್ದರು. ಅದು ನಿದ್ದೆ ಇದ್ದಿರಬೇಕು.

ವಿಚಾರಣೆಯ ಬೆಳಗ್ಗೆ ಮೂವರೂ ನ್ಯಾಯಾಲಯಕ್ಕೆ ಹೋದೆವು. ನ್ಯಾಯಾಧೀಶರು ಬಿಳಿಗಡ್ಡದ ಹಿರಿಯರು, ಮೆಲುಮಾತಿನವರು. ದ್ವಾದಶಿ ಎಂದರೇನು, ಚಂದ್ರನ ಗತಿ ಹೇಗೆ ಎರಡು ಧರ್ಮದವರ ದಿನಗಳನ್ನೂ ನಡೆಸುತ್ತದೆ ಎಂಬುದನ್ನು ಹೇಗೆ ನಿವೇದಿಸಬೇಕೆಂದು ನಾನು ವಾಕ್ಯಗಳನ್ನು ಕಟ್ಟಿಕೊಂಡು ಹೋಗಿದ್ದೆ. ಅವರು ಮೊದಲು ವರ್ತಕರನ್ನು ಕೇಳಿದರು. ಅಂಗಡಿಯಲ್ಲಿ ಅಷ್ಟು ಗಟ್ಟಿಯಾಗಿ ನಕ್ಕಿದ್ದವರು ಅಲ್ಲಿ ಕೈಕಟ್ಟಿ, ತಮಗೆ ಬರುವ ಅರಬ್ಬಿಯಲ್ಲಿ, ಕಂಡಷ್ಟನ್ನೇ ಹೇಳಿದರು: ನನ್ನ ನೆರೆಯವನು, ಜಗಳವಿಲ್ಲ, ಮೋಸವಿಲ್ಲ, ನಮ್ಮ ತಿಂಗಳಿಗೆ ಅವನಿಂದ ಅಗೌರವವಾದದ್ದನ್ನು ನಾನು ಕಂಡಿಲ್ಲ. ಬಳಿಕ ನನ್ನನ್ನು ಕೇಳಿದರು. ನಾನೂ ಅಷ್ಟೇ ಹೇಳಿದೆ. ಕೊನೆಗೆ ದುಭಾಷಿಯ ಮೂಲಕ ಆತನಿಗೆ ಒಂದೇ ಪ್ರಶ್ನೆ.

“ಆ ಶಿಕ್ಷೆಯ ಬಳಿಕ ಮತ್ತೆ ಹಾಗೆ ಮಾಡಿದ್ದೀಯಾ?”

“ಇಲ್ಲ. ಇನ್ನು ಮುಂದೆಯೂ ಇಲ್ಲ.”

ಅಷ್ಟೇ. ಏಕೆ ಕುಡಿದೆ ಎಂದು ಅವರು ಕೇಳಲೇ ಇಲ್ಲ. ಶಿಕ್ಷೆಯಾದದ್ದು ಆಗಿಹೋಗಿದೆ, ಈಗ ಪ್ರಶ್ನೆ ಬಳಿಕದ ನಡತೆಯದು ಮಾತ್ರ ಎಂದು ದುಭಾಷಿ ನನಗೆ ವಿವರಿಸಿದ. ಡಾಕ್ಟರರ ಸಕ್ಕರೆ ಕಾಯಿಲೆ, ಅಧ್ಯಕ್ಷರ ಭಜನೆಯ ಕುತ್ತು, ಕಮ್ಯುನಿಟಿಯ ಮಾನ, ಹಾಗೆಯೇ ನನ್ನ ಚಂದ್ರಗತಿಯ ಉಪನ್ಯಾಸ, ಇವುಗಳಲ್ಲಿ ಒಂದಕ್ಕೂ ಆ ಕೋಣೆಯಲ್ಲಿ ಕೆಲಸವಿರಲಿಲ್ಲ. ಒಬ್ಬ ಮನುಷ್ಯ ಹೇಗೆ ಬಾಳಿದ್ದಾನೆಂದು ಹೇಳಲು ಇಬ್ಬರು ಬೇಕಾಗಿದ್ದರು. ಅಷ್ಟಕ್ಕೇ ನಮ್ಮ ಮಂಡಳಿಯಲ್ಲಿ ಜನ ಸಿಕ್ಕಿರಲಿಲ್ಲ.

ಬಕ್ರೀದಿಗೆ ಮೊದಲೇ ಆದೇಶ ಬಂತು. ಹೊಸದಾಗಿ ಪಡೆದ ಪ್ರಮಾಣಪತ್ರದಲ್ಲಿ ಹಳೆಯ ಉಲ್ಲೇಖವಿರಲಿಲ್ಲ. ಆತ ಅದನ್ನು ಹಿಡಿದು ನನ್ನ ಕಚೇರಿಯ ಕೆಳಗೆ ಬಂದು ನಿಂತಿದ್ದ. ಏನೋ ಹೇಳಲು ಹೋಗಿ, ನಡುರಸ್ತೆಯಲ್ಲೇ ನನ್ನ ಕಾಲಿಗೆ ಬಗ್ಗಿದ. ಬೇಡ, ಇದಕ್ಕೂ ಯಾವುದಾದರೂ ಕಾನೂನು ಇದ್ದೀತು ಎಂದು ನಾನು ಹಿಡಿದೆತ್ತಿದೆ. ಬಹಳ ಕಾಲದ ಮೇಲೆ ಆತ ಬಾಯಿ ತುಂಬ ನಕ್ಕದ್ದನ್ನು ನೋಡಿದೆ.

ಸುದ್ದಿ ಹರಡಿತು. ಹೊಸ ಕೆಲಸ ದೊಡ್ಡ ಸ್ಥಾವರದ ಉಗ್ರಾಣದ್ದು, ಕಂಪನಿಗಳವರು ಮರ್ಯಾದೆ ಕೊಡುವ ಹುದ್ದೆ ಎಂಬುದೂ ಜೊತೆಗೇ ಹರಡಿತು. ಅಧ್ಯಕ್ಷರಿಂದ ನನಗೆ ಫೋನು ಬಂತು. “ಶಾಸ್ತ್ರಿಗಳೇ, ಕಂಗ್ರಾಚುಲೇಷನ್ಸ್! ಇದು ನಮ್ಮೆಲ್ಲರ ಗೆಲುವು. ಬರೋ ಶುಕ್ರವಾರ ಅವರಿಗೆ ಒಂದು ಶಾಲು ಹೊದಿಸೋಣ. ನೈವೇದ್ಯನೂ ಅವರೇ ಮಾಡ್ಲಿ ಪಾಪ, ಅವರ ಕೈರುಚಿ ತಿಂದು ಎಷ್ಟು ವರ್ಷ ಆಯ್ತು!”

“ಎಷ್ಟು ವರ್ಷ ಆಯಿತೆಂದು ನಿಮ್ಮ ಮನೆಯವರನ್ನೇ ಕೇಳಿ” ಎಂದೆ. ಅವರಿಗೆ ತಿಳಿಯಲಿಲ್ಲ. ತಿಳಿಯದಿರುವುದೂ ಒಂದು ಸೌಭಾಗ್ಯ.

ಆತನಿಗೆ ಹೇಳಿದಾಗ, “ಆ ದಿನ ನನಗೆ ಆಗುವುದಿಲ್ಲ ಶಾಸ್ತ್ರಿಗಳೇ, ವಿಮಾನ ಉಂಟು” ಎಂದ. ಹೆಂಡತಿ ಮಗಳು ಬರುವ ವಿಮಾನ. ಅದನ್ನು ನಾನು ಅಧ್ಯಕ್ಷರಿಗೆ ತಿಳಿಸಿದೆ. ಆದರೂ ಸಭೆ ಕರೆದಾಗಿತ್ತು, ಶಾಲು ತಂದಾಗಿತ್ತು. ಶ್ಲೋಕದ ಕರ್ತವ್ಯವಿದ್ದುದರಿಂದ ನಾನು ಹೋದೆ. ‘ಸಂಕಟದಲ್ಲಿ ನಮ್ಮ ಬಂಧುವಿನ ಬೆನ್ನಿಗೆ ನಿಂತ ಮಂಡಳಿ’ ಎಂಬ ವಿಷಯದ ಮೇಲೆ ಅಧ್ಯಕ್ಷರು ದೀರ್ಘವಾಗಿ ಮಾತಾಡಿದರು. ಕೊನೆಯಲ್ಲಿ ಶಾಲನ್ನು ಬಿಡಿಸಿ ಹಿಡಿದಾಗ ಹೊದಿಸಿಕೊಳ್ಳುವವನಿಲ್ಲ. ಅವರು ಸಭೆಯ ಮೇಲೆಲ್ಲ ಕಣ್ಣಾಡಿಸಿ, “ಈ ವಿಷಯದಲ್ಲಿ ಅಮೂಲ್ಯ ಸಲಹೆ ಕೊಟ್ಟ ನಮ್ಮ ಡಾಕ್ಟರಿಗೆ...” ಎಂದು ಅವರ ಹೆಗಲ ಮೇಲೆಯೇ ಹೊದಿಸಿಬಿಟ್ಟರು. ಡಾಕ್ಟರು ನಮ್ರವಾಗಿ ಕೈಮುಗಿದರು. ಚಪ್ಪಾಳೆ ಜೋರಾಗಿಯೇ ಬಿತ್ತು. ಅಷ್ಟು ಶುದ್ಧವಾದ ಜರಿಯಂಚು ಅಷ್ಟು ಅನರ್ಹವಾದ ಹೆಗಲನ್ನು ಏರಿದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಮೇಲೆ ನೋಡಿದ್ದೇನೆ.

ಮಂಗಳಾರತಿಗೆ ಕಾಯದೆ ನಾನು ಎದ್ದೆ. ವಿಮಾನ ನಿಲ್ದಾಣ ಮುಟ್ಟಿದಾಗ ಪ್ರಯಾಣಿಕರು ಹೊರಬರುತ್ತಿದ್ದರು. ವರ್ತಕರು ತಮ್ಮ ಗಾಡಿ ತಂದಿದ್ದರು. ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ ಬಂದು ಆತನಿಂದ ಒಂದು ಮಾರು ದೂರದಲ್ಲಿ ನಿಂತಳು. ಹುಡುಗಿ ತಾಯಿಯ ಹಿಂದೆ ಅಡಗಿದಳು. ಆತ ಮಂಡಿಯೂರಿ ಕೂತು, ತುಳುವಿನಲ್ಲಿ, ನಾನು ಯಾರು ಹೇಳು ಎಂದ. ಅವಳು ತಾಯಿಯ ಮುಖ ನೋಡಿ, ಯೋಚಿಸಿ, ಮೆಲ್ಲಗೆ, “ಅಮ್ಮೆರ್” ಎಂದಳು. ತುಳುವಿನಲ್ಲಿ ಅಪ್ಪನನ್ನು ಕರೆಯುವ ಮಾತು. ಅಲ್ ಖೋರ್‌ನ ಹಾದಿ ಹಿಡಿದ ಆ ಗಾಡಿಯ ಹಿಂದೀಪ ಕಾಣುವವರೆಗೂ ನಾನು ಅಲ್ಲಿ ನಿಂತಿದ್ದೆ.

ಮಾನವನ್ನು ಮರಳಿ ಕೊಟ್ಟ ಆ ಹಿರಿಯ ನ್ಯಾಯಾಧೀಶರಿಗೆ ಸದ್ಗತಿಯಿರಲಿ. ಮಾತಿಗೆ ಮಾತು ತಪ್ಪದೆ ದಾಟಿಸಿದ ದುಭಾಷಿಗೆ ಒಳಿತಾಗಲಿ. ಕಂಡದ್ದನ್ನು ಹೇಳಲು ಅಂಗಡಿ ಮುಚ್ಚಿ ಬಂದ ವರ್ತಕರ ಮನೆತನ ಬೆಳೆಯಲಿ. ಆ ದಂಪತಿಗಳು ಒಂದೇ ಸೂರಿನಡಿ ಮುಪ್ಪಾಗಲಿ, ಮಗಳು ಸುಖವಾಗಿ ಬಾಳಲಿ. ನಮ್ಮ ಅಧ್ಯಕ್ಷರಿಗೂ, ಡಾಕ್ಟರಿಗೂ, ಮನೆಯೊಳಗಿದ್ದೇ ಇಲ್ಲವೆಂದು ಹೇಳಿಸಿದವರಿಗೂ ಭಗವಂತ ದೀರ್ಘಾಯುಸ್ಸು ಕೊಡಲಿ. ಅವರಿಗೊಬ್ಬ ಸಾಕ್ಷಿ ಬೇಕಾದ ದಿನ, ಅವರಂಥವರ ಬಾಗಿಲನ್ನು ತಟ್ಟುವ ಗತಿ ಅವರಿಗೆ ಬಾರದಿರಲಿ.